ಗೇಟಿನಿಂದಲೇ ಶುರುವಾಗಬೇಕು ನಡಿಗೆ

ಬನ್ನಿ ಮೇಷ್ಟ್ರೇ, ಕಾಂಪೌಂಡಿನ ಈ ಮೂಲೇಲಿ ಹೊಂಗೆ ನೆರಳಿದೆ, ಇಲ್ಲೇ ನಿಂತು ಮಾತಾಡೋಣ. ಮಗ ಬೆಳಿಗ್ಗೆ ಕಾರಲ್ಲಿ ಲಾಲ್‌ಬಾಗಿಗೆ ಬಿಡ್ತಾನೆ, ಒಂದು ಗಂಟೆ ನಡೆದು ಮತ್ತೆ ಕಾರಲ್ಲೇ ವಾಪಸ್ ಬರ್ತೀನಿ ಅಂದ್ರಲ್ಲ ನಿನ್ನೆ, ಆ ಮಾತು ತಲೇಲೇ ಕೂತುಬಿಟ್ಟಿದೆ. ಲಾಲ್‌ಬಾಗಿಗೆ ಹೋಗಬೇಡಿ ಅಂತ ನಾನು ಯಾವತ್ತೂ ಹೇಳಲ್ಲ. 240 ಎಕರೆ ಮರ, ಕೆರೆ, ಬಂಡೆ; ಅಂಥದ್ದು ಊರ ನಡುವೆ ಇರೋದು ನಮ್ಮ ಪುಣ್ಯ. ನನ್ನ ತಕರಾರು ಇಷ್ಟೇ: ನಡೆಯೋದಕ್ಕೆ ಗಾಡಿ ಹತ್ತಿ ಹೋಗಬೇಕಾದ ಸ್ಥಿತಿಗೆ ಊರು ಬರಬಾರದಿತ್ತು. ಚಿಲಕ ತೆಗೆದು ಆಚೆ ಕಾಲಿಟ್ಟರೆ ಅಲ್ಲಿಂದಲೇ ನಡಿಗೆ ಶುರುವಾಗಬೇಕು. ಪಾರ್ಕಿಗಾದರೆ ಬಾಗಿಲು ತೆಗೆಯೋ ಹೊತ್ತು, ಹಾಕೋ ಹೊತ್ತು ಅಂತ ಇರುತ್ತೆ. ಬೀದಿಗೆ ಬೀಗ ಇಲ್ಲ. ಹಾಲು ತರೋಕೆ, ಹೂವು ತರೋಕೆ, ಮಗೂನ ಸ್ಕೂಲಿಗೆ ಬಿಡೋಕೆ ದಿನಾ ತುಳಿಯೋ ಜಾಗ ಅದು. ಅದು ಚೆನ್ನಾಗಿದ್ದರೆ ವಾಕಿಂಗ್ ಅಂತ ಬೇರೆ ಹೊತ್ತು ಎತ್ತಿಡಬೇಕಾಗಿಲ್ಲ.

ನಮ್ಮ ಬಸವನಗುಡಿಯನ್ನೇ ತಗೊಳ್ಳಿ. 1898ರಲ್ಲಿ ಪ್ಲೇಗು ಬಂದು ಪೇಟೆಯ ಜನ ಕಂಗಾಲಾದ ಮೇಲೆ ತಾನೇ ಈ ಬಡಾವಣೇನೂ ಮಲ್ಲೇಶ್ವರಾನೂ ಬೆಳೆದಿದ್ದು. ಆಗ ಊರಲ್ಲಿ ಮೋಟಾರು ಎಲ್ಲಿತ್ತು? ಗೆರೆ ಎಳೆದವರ ಮನಸ್ಸಿನಲ್ಲಿ ಇದ್ದದ್ದು ನಡೆಯೋ ಮನುಷ್ಯನೇ. ದೇವಸ್ಥಾನ, ಮಾರುಕಟ್ಟೆ, ಪಾರ್ಕು, ಎಲ್ಲಾ ಕಾಲಳತೆಯಲ್ಲೇ ಸಿಗೋ ಹಾಗೆ ಮಾಡಿದರು. ಮಾಸ್ತಿಯವರು ಗವಿಪುರದ ಮನೆಯಿಂದ ಬಸವನಗುಡಿಯ ಕ್ಲಬ್ಬಿಗೆ ಕೊಡೆ ಹಿಡಿದು ನಡೆದು ಹೋಗ್ತಿದ್ದರು ಅನ್ನೋದನ್ನ ಹಿರಿಯರು ಇವತ್ತಿಗೂ ನೆನೆಸಿಕೊಳ್ತಾರೆ. ಇಳಿವಯಸ್ಸಿನಲ್ಲೂ ಅವರು ಹಾಗೆ ಹೋಗೋಕಾಗಿದ್ದು ಮೈಯಲ್ಲಿ ಕಸುವಿತ್ತು ಅಂತ ಮಾತ್ರ ಅಲ್ಲ, ಬೀದಿ ಅವರನ್ನ ಹೋಗಗೊಡ್ತಿತ್ತು. ದಾರೀಲಿ ಸಿಕ್ಕವರ ಹತ್ತಿರ ನಿಂತು ಎರಡು ಮಾತಾಡೋಕೆ ಜಾಗ ಇತ್ತು.

ವಾರಕ್ಕೆ ಕಮ್ಮಿ ಅಂದರೆ 150 ನಿಮಿಷ ಬಿರುಸಾಗಿ ನಡೆಯೋವಂಥ ವ್ಯಾಯಾಮ ಬೇಕು, 65 ದಾಟಿದವರಿಗೂ ಅಷ್ಟೇ ಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತೆ. ಲೆಕ್ಕ ಹಾಕಿ ನೋಡಿ, ದಿನಕ್ಕೆ ಇಪ್ಪತ್ತೆರಡು ನಿಮಿಷವೂ ಆಗಲಿಲ್ಲ. ಸೊಪ್ಪಿನ ಅಂಗಡಿಗೆ ಹೋಗಿಬಂದು, ಸಂಜೆ ದೇವಸ್ಥಾನಕ್ಕೆ ಹೋಗಿಬಂದರೆ ಮುಗೀತು. ಇಷ್ಟು ಸುಲಭವಾದ ಔಷಧಿ ನಮ್ಮ ಕೈಗೆ ಸಿಗದೇ ಇರೋದು ಬೀದಿ ಕೆಟ್ಟಿರೋದ್ರಿಂದ.

ಏನಂದ್ರಿ? ಫುಟ್‌ಪಾತ್ ಇದೆಯಲ್ಲಮ್ಮ ಅಂದ್ರಾ? ಇದೆ ಮೇಷ್ಟ್ರೇ. ನಿಮ್ಮ ಗೇಟಿಂದ ಮೂಲೆ ಅಂಗಡಿವರೆಗೆ ಮನಸ್ಸಿನಲ್ಲೇ ಒಂದು ಸಲ ನಡೆದು ನೋಡೋಣ ಬನ್ನಿ. ಮೊದಲನೇ ಹೆಜ್ಜೇಲೇ ಚಪ್ಪಡಿ ಅಲ್ಲಾಡುತ್ತೆ. ಒಂದು ತುದಿ ತುಳಿದರೆ ಇನ್ನೊಂದು ತುದಿ ಎದ್ದು, ಮಳೆಗಾಲದಲ್ಲಿ ಕೆಳಗಿನ ಮೋರಿ ನೀರು ಪಂಚೆಗೆ ಚಿಮ್ಮುತ್ತೆ. ಆಮೇಲೆ ಪಕ್ಕದ ಮನೆಯ ಕಾರಿನ ಇಳಿಜಾರು. ಫುಟ್‌ಪಾತ್ ಅಲ್ಲಿ ಇಳಿದು ಮತ್ತೆ ಹತ್ತಬೇಕು. ಅದರಾಚೆ ಮನೆಯಲ್ಲೂ ಹಾಗೇ. ನಡುವೆ ಕಂಬ, ಕಂಬಕ್ಕೆ ಸುತ್ತಿ ಬಿಟ್ಟಿರೋ ಕೇಬಲ್ಲಿನ ಸುರುಳಿ, ಸರಿಯಾಗಿ ಕತ್ತಿನ ಮಟ್ಟಕ್ಕೆ. ಆಮೇಲೆ ಟ್ರಾನ್ಸ್‌ಫಾರ್ಮರು, ಅದರ ಬೇಲಿ. ಆಮೇಲೆ ಸಾಲಾಗಿ ನಿಂತ ಸ್ಕೂಟರುಗಳು. ಕೊನೇಲಿ ರಸ್ತೆಗೆ ಇಳಿಯೋ ಕಡೆ ಒಂದಡಿಗೂ ಮೀರಿದ ಎತ್ತರ. ನಿಮ್ಮ ಮೊಮ್ಮಗಳು ಅಲ್ಲಿಂದ ಜಿಗೀತಾಳೆ. ಮಂಡಿನೋವಿರೋ ನಿಮ್ಮ ಮನೆ ಅಮ್ಮನವರು ಅಂಗಡಿ ಗೋಡೆ ಹಿಡ್ಕೊಂಡು ಒಂದು ಕಾಲು ಇಳಿಸಿ, ಸ್ವಲ್ಪ ಹೊತ್ತು ನಿಂತು, ಇನ್ನೊಂದು ಕಾಲು ಇಳಿಸ್ತಾರೆ. ಮುಂದಿನ ಸಲದಿಂದ ಅವರು ರಸ್ತೆ ಮೇಲೇ ನಡೀತಾರೆ. ಅದರ ಮುಂದಿನ ಸಲ ಮನೇಲೇ ಉಳೀತಾರೆ. ವಯಸ್ಸಾದವರು ಮನೆಯಿಂದ ಆಚೆ ಬರೋದು ಹೀಗೆ ಒಂದೊಂದೇ ಮೆಟ್ಟಿಲಿಗೆ ಹೆದರಿ ನಿಂತುಹೋಗುತ್ತೆ.

ಫುಟ್‌ಪಾತ್ ಹೇಗಿರಬೇಕು ಅನ್ನೋದಕ್ಕೆ ಲೆಕ್ಕಾಚಾರ ಇಲ್ಲ ಅಂತ ಏನಿಲ್ಲ. ಇಂಡಿಯನ್ ರೋಡ್ಸ್ ಕಾಂಗ್ರೆಸ್ 2012ರಲ್ಲಿ ಪರಿಷ್ಕರಿಸಿದ ಕೈಪಿಡಿಯಲ್ಲಿ ಎಲ್ಲಾ ಬರೆದಿಟ್ಟಿದ್ದಾರೆ. ಫುಟ್‌ಪಾತಿನ ಮೇಲೆ ಯಾವ ಅಡ್ಡಿಯೂ ಇಲ್ಲದೆ ನಡೆಯೋ ಜಾಗ ಕನಿಷ್ಠ 1.8 ಮೀಟರ್ ಇರಬೇಕು. ಅಂದರೆ ಎರಡು ಗಾಲಿಕುರ್ಚಿಗಳು ಎದುರುಬದುರು ಬಂದರೂ ಹಾದುಹೋಗುವಷ್ಟು. ಅಂಚಿನ ಕಲ್ಲಿನ ಎತ್ತರ 150 ಮಿಲಿಮೀಟರಿಗಿಂತ ಹೆಚ್ಚಾಗಬಾರದು, ಅರ್ಧ ಅಡಿ. ಅಷ್ಟನ್ನ ಅಮ್ಮನವರು ಯಾರ ಕೈಯನ್ನೂ ಹಿಡಿಯದೆ ಹತ್ತಿ ಇಳೀತಾರೆ. ಮನೆಗಳ ಗೇಟಿನ ಮುಂದೆ ಏನು ಮಾಡಬೇಕು ಅಂತೀರಾ? ಫುಟ್‌ಪಾತ್ ಒಂದೇ ಮಟ್ಟದಲ್ಲಿ ಸಾಗಬೇಕು, ಕಾರು ಹತ್ತೋ ಇಳಿಜಾರು ರಸ್ತೆಯಂಚಿನ ಪಟ್ಟಿಯಲ್ಲೇ ಮುಗಿದುಹೋಗಬೇಕು. ಹತ್ತಿ ಇಳಿಯೋ ಕಷ್ಟ ಎಂಜಿನ್ನಿಗಿರಲಿ, ಮಂಡಿಗೆ ಬೇಡ. ಅಡ್ಡರಸ್ತೆ ಬಂದ ಕಡೆಯೂ ಅಷ್ಟೇ. ದಾಟೋ ಜಾಗವನ್ನೇ ಫುಟ್‌ಪಾತಿನ ಮಟ್ಟಕ್ಕೆ ಎತ್ತರಿಸಿಬಿಟ್ಟರೆ ಗಾಡಿಯವನು ತಾನೇ ನಿಧಾನ ಮಾಡ್ತಾನೆ, ನಡೆಯೋರು ಸಲೀಸಾಗಿ ದಾಟ್ತಾರೆ. ಹಂಪೂ ಆಯಿತು, ಕ್ರಾಸಿಂಗೂ ಆಯಿತು.

ದಾಟೋ ಮಾತು ಬಂತಲ್ಲ, ಇದನ್ನ ನಿಮ್ಮ ಹತ್ತಿರಾನೇ ಹೇಳಬೇಕು, ಯಾಕಂದರೆ ಹೈಸ್ಕೂಲಿನಲ್ಲಿ ವೇಗ, ದೂರ ಅಂತ ಮಕ್ಕಳಿಗೆ ಲೆಕ್ಕ ಹಾಕಿಸಿದವರು ನೀವು. ಸಿಗ್ನಲ್ಲಿನಲ್ಲಿ ನಡೆಯೋರಿಗೆ ಹಸಿರು ದೀಪ ಎಷ್ಟು ಹೊತ್ತು ಅನ್ನೋದನ್ನ ಸಾಮಾನ್ಯವಾಗಿ ಸೆಕೆಂಡಿಗೆ 1.2 ಮೀಟರ್ ನಡಿಗೆ ಅಂತ ಇಟ್ಟುಕೊಂಡು ಲೆಕ್ಕ ಹಾಕ್ತಾರೆ. 24 ಮೀಟರ್ ಅಗಲದ ರಸ್ತೆಗೆ 20 ಸೆಕೆಂಡ್. ಕೋಲೂರಿಕೊಂಡು ಸೆಕೆಂಡಿಗೆ 0.8 ಮೀಟರ್ ನಡೆಯೋ ಹಿರಿಯರಿಗೆ ಅದೇ ರಸ್ತೆ ದಾಟೋಕೆ 30 ಸೆಕೆಂಡ್ ಬೇಕು. ಆ ಹತ್ತು ಸೆಕೆಂಡು ಅವರು ರಸ್ತೆ ನಡುವೆ, ಹಾರ್ನ್ ಹೊಡೆಯೋ ಗಾಡಿಗಳ ಮುಂದೆ ನಿಂತಿರ್ತಾರೆ. ಹತ್ತೇ ಹತ್ತು ಸೆಕೆಂಡು ಜಾಸ್ತಿ ಕೊಟ್ಟರೆ, ಇಲ್ಲವೇ ರಸ್ತೆ ಮಧ್ಯೆ ನಿಂತು ಸುಧಾರಿಸಿಕೊಳ್ಳೋಕೆ ಒಂದು ಕಟ್ಟೆ ಕಟ್ಟಿದರೆ, ಅವರಿಗೆ ರಸ್ತೆಯ ಆ ಬದಿಯ ಊರು ವಾಪಸ್ ಸಿಕ್ಕ ಹಾಗೆ.

ವೇಗದ ವಿಷಯವೂ ಹಾಗೇ. ಚಲನಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತೆ ಅಂತ ಬೋರ್ಡಿನ ಮೇಲೆ ಬರೆಸಿದ್ದು ನೀವೇ ಅಲ್ವಾ? ಗಂಟೆಗೆ 30 ಕಿಲೋಮೀಟರಿನಲ್ಲಿ ಬರೋ ಕಾರು 60ಕ್ಕೆ ಏರಿದರೆ ಏಟು ನಾಲ್ಕು ಪಟ್ಟು. ನಡೆಯೋರೂ ಗಾಡಿಗಳೂ ಬೆರೆಯೋ ಬೀದಿಗಳಲ್ಲಿ ವೇಗ 30 ದಾಟಬಾರದು ಅಂತ 2020ರಲ್ಲಿ ಸ್ಟಾಕ್‌ಹೋಮಿನಲ್ಲಿ ಸೇರಿದ್ದ ದೇಶಗಳು ಘೋಷಣೆ ಮಾಡಿದ್ದು ಇದೇ ಕಾರಣಕ್ಕೆ. ನಮ್ಮ ದೇಶದಲ್ಲಿ 2022ರ ಒಂದೇ ವರ್ಷದಲ್ಲಿ ರಸ್ತೆ ಅಪಘಾತಗಳಲ್ಲಿ ತೀರಿಕೊಂಡವರ ಪೈಕಿ 32 ಸಾವಿರಕ್ಕೂ ಹೆಚ್ಚು ಜನ ನಡೆದು ಹೋಗ್ತಿದ್ದವರು. ಒಬ್ಬೊಬ್ಬರೂ ಹಾಲಿಗೋ, ಬಸ್ಸಿಗೋ, ಕೆಲಸಕ್ಕೋ ಅಂತ ಮನೆಯಿಂದ ಹೊರಟವರು. ಈ ಸಂಖ್ಯೆ ಓದಿದಾಗೆಲ್ಲ ನನ್ನ ಹೊಟ್ಟೇಲಿ ಸಂಕಟ ಆಗುತ್ತೆ.

ಇನ್ನು ಮಕ್ಕಳ ಕಣ್ಣಿಂದ ನೋಡೋಣ. ನೆದರ್‌ಲೆಂಡ್ಸಿನ ಒಂದು ಪ್ರತಿಷ್ಠಾನ 'ಅರ್ಬನ್ 95' ಅಂತ ಒಂದು ಕಾರ್ಯಕ್ರಮ ನಡೆಸುತ್ತೆ. ಮೂರು ವರ್ಷದ ಮಗುವಿನ ಎತ್ತರ ಸುಮಾರು 95 ಸೆಂಟಿಮೀಟರ್. ಆ ಎತ್ತರದಿಂದ ನೋಡಿದರೆ ಊರು ಹೇಗೆ ಕಾಣುತ್ತೆ ಅನ್ನೋದು ಅವರ ಪ್ರಶ್ನೆ. ಪುಣೆ, ಉದಯಪುರ, ಭುವನೇಶ್ವರಗಳಲ್ಲೂ ಅದರ ಕೆಲಸ ನಡೆದಿದೆ. ನೀವೇ ಮೊಮ್ಮಗಳ ಪಕ್ಕ ಒಂದು ಸಲ ಕೂತು ನೋಡಿ ಮೇಷ್ಟ್ರೇ. ಆ ಎತ್ತರಕ್ಕೆ ಕಾಣೋದು ಕಾರಿನ ಬಾಗಿಲು, ಸ್ಕೂಟರಿನ ಹೊಗೆಕೊಳವೆ, ಚರಂಡಿ ಬಾಯಿ. ಸಾಲಾಗಿ ನಿಲ್ಲಿಸಿದ ಕಾರುಗಳ ಸಂದಿಯಿಂದ ಮಗು ಆಚೆ ಬಂದರೆ ಗಾಡಿ ಓಡಿಸೋನಿಗೆ ತಲೆ ಕೂದಲೂ ಕಾಣಲ್ಲ. ಮೂಲೆಗಳ ಹತ್ತಿರ ಗಾಡಿ ನಿಲ್ಲಿಸೋಕೆ ಬಿಡದೆ, ದಾಟೋ ಕಡೆ ಫುಟ್‌ಪಾತನ್ನ ಸ್ವಲ್ಪ ರಸ್ತೆಯೊಳಕ್ಕೆ ಚಾಚಿದರೆ ಮಗೂಗೂ ಡ್ರೈವರಿಗೂ ಒಬ್ಬರ ಮುಖ ಒಬ್ಬರಿಗೆ ಕಾಣುತ್ತೆ. ಅಜ್ಜಿಗೆ ದಾಟಬೇಕಾದ ದೂರವೂ ಕಮ್ಮಿ ಆಗುತ್ತೆ. ಮಗೂಗೆ ಅಂತ ಮಾಡಿದ್ದು ಅಜ್ಜಿಗೆ ಆಗುತ್ತೆ, ಅಜ್ಜಿಗೆ ಅಂತ ಮಾಡಿದ್ದು ಬಸುರಿಗೆ, ಮೂಟೆ ಹೊತ್ತವನಿಗೆ, ಕಾಲು ಉಳುಕಿಸಿಕೊಂಡ ಹುಡುಗನಿಗೆ ಆಗುತ್ತೆ. ನನಗೆ ಈ ವಿಷಯದಲ್ಲಿ ಎಲ್ಲಕ್ಕಿಂತ ಇಷ್ಟವಾಗೋದು ಇದೇ.

ಆದರೆ ಬಿದ್ದು ಪೆಟ್ಟು ಮಾಡಿಕೊಳ್ಳದೆ ಮನೆ ಸೇರಿದರೆ ಸಾಕು ಅನ್ನೋಷ್ಟಕ್ಕೆ ನಾವು ನಿಲ್ಲಬಾರದು. ನಡೆಯೋದ್ರಲ್ಲಿ ಖುಷಿ ಇರಬೇಕು. ಖುಷಿಗೆ ಮೊದಲು ಬೇಕಾದ್ದು ನೆರಳು. ಜರ್ಮನಿಯಿಂದ ಬಂದ ಕೃಂಬಿಗಲ್ 1908ರಲ್ಲಿ ಲಾಲ್‌ಬಾಗಿಗೆ ಸೇರಿ, ಒಂದು ಮರ ಹೂ ಮುಗಿಸೋ ಹೊತ್ತಿಗೆ ಇನ್ನೊಂದು ಅರಳೋ ಹಾಗೆ ಬೀದಿ ಸಾಲುಮರಗಳನ್ನ ಯೋಚನೆ ಮಾಡಿದರು. 1980ರ ದಶಕದಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳರು ಊರ ತುಂಬ ಲಕ್ಷಾಂತರ ಗಿಡ ನೆಡಿಸಿದರು. ವರ್ಷದ ಮೊದಲಲ್ಲಿ ಗುಲಾಬಿ ಬಣ್ಣದ ಟಬೂಬಿಯಾ, ಆಮೇಲೆ ನೀಲಿ ಜಕರಂಡ, ಬೇಸಿಗೇಲಿ ಕೆಂಪು ಗುಲ್‌ಮೊಹರ್. ಕ್ಯಾಲೆಂಡರ್ ನೋಡದೆ ತಿಂಗಳು ಹೇಳಬಹುದಾದ ಬೀದಿಗಳು ನಮ್ಮವು. ಅವರು ನೆಟ್ಟ ನೆರಳಲ್ಲಿ ನಾವು ನಿಂತಿದ್ದೀವಿ. ಆದರೆ ಮರದ ಬುಡದವರೆಗೂ ಸಿಮೆಂಟು ಮೆತ್ತಿದರೆ ಬೇರಿಗೆ ನೀರೂ ಗಾಳಿಯೂ ಇಲ್ಲ. ಒಂದು ದಿನ ಅದೇ ಬೇರು ಚಪ್ಪಡಿ ಎತ್ತಿಹಾಕುತ್ತೆ, ಆಗ ಮರದ ಮೇಲೆ ತಪ್ಪು ಹೊರಿಸ್ತಾರೆ. ಬುಡದ ಸುತ್ತ ಮಣ್ಣು ಬಿಟ್ಟರೆ ಮರವೂ ಉಳಿಯುತ್ತೆ, ಮಳೆನೀರೂ ಇಂಗುತ್ತೆ.

ಎರಡನೆಯದು ಕೂರೋಕೆ ಜಾಗ. ನಿಮ್ಮೂರಲ್ಲಿ ಮನೆಮನೆಗೂ ಜಗಲಿ ಇತ್ತು ಅಂದಿದ್ರಿ, ಊರ ಮುಂದೆ ಅರಳಿಕಟ್ಟೆ. ದಾರಿಹೋಕರು ಯಾರ ಅಪ್ಪಣೆಯನ್ನೂ ಕೇಳದೆ ಕೂತು ದಣಿವಾರಿಸಿಕೊಂಡು ಹೋಗ್ತಿದ್ದರು. ಇಲ್ಲಿ ಕೂರಬೇಕು ಅಂದರೆ ಹೋಟೆಲಿಗೆ ಹೋಗಿ ಕಾಫಿ ತಗೋಬೇಕು. ನೂರು, ನೂರೈವತ್ತು ಹೆಜ್ಜೆಗೊಂದು ಬೆಂಚಿದ್ದರೆ ಅಮ್ಮನವರು ಗಾಂಧಿ ಬಜಾರಿನವರೆಗೂ ಹೋಗ್ತಾರೆ, ನೋಡ್ತಾ ಇರಿ. ಬೆಂಚಿಗೆ ಬೆನ್ನಾನಿಸೋಕೆ ಒರಗು ಇರಬೇಕು, ಪಕ್ಕದಲ್ಲಿ ಕೈಯೂರೋಕೆ ಆಸರೆ ಇರಬೇಕು, ಯಾಕಂದರೆ ವಯಸ್ಸಾದವರಿಗೆ ಕೂರೋದಕ್ಕಿಂತ ಏಳೋದು ಕಷ್ಟ. ಮುಖ ಜನ ಓಡಾಡೋ ಕಡೆಗಿರಬೇಕು. ಮನುಷ್ಯರಿಗೆ ಮನುಷ್ಯರನ್ನ ನೋಡೋದ್ರಲ್ಲಿರೋ ಸುಖ ಬೇರೆ ಯಾವುದರಲ್ಲೂ ಇಲ್ಲ. ಹತ್ತಿರದಲ್ಲೊಂದು ಚೊಕ್ಕಟವಾದ ಶೌಚಾಲಯವೂ ಬೇಕು. ಅದಿಲ್ಲ ಅಂತಲೇ ಎಷ್ಟೋ ಹೆಂಗಸರು, ಸಕ್ಕರೆ ಕಾಯಿಲೆಯವರು ದೂರ ಹೋಗಲ್ಲ.

ಮೂರನೆಯದು ಬೆಳಕು ಮತ್ತು ಜನ. ನಮ್ಮ ಬೀದಿದೀಪಗಳು ರಸ್ತೆಗೆ ಬೆಳಕು ಚೆಲ್ಲುತ್ತವೆ, ಮರದ ಕೆಳಗಿನ ಫುಟ್‌ಪಾತಿಗೆ ಬೀಳೋದು ಕತ್ತಲೆ. ಎಲೆ ಕೆಳಗೆ, ತಗ್ಗಾಗಿ ಇನ್ನೊಂದು ದೀಪ ಹಾಕಿದರೆ ರಾತ್ರಿ ಎಂಟೂವರೆಗೆ ಕೆಲಸ ಮುಗಿಸಿ ಬರೋ ಹುಡುಗಿ ಧೈರ್ಯವಾಗಿ ನಡೀತಾಳೆ. ದೀಪಕ್ಕಿಂತ ದೊಡ್ಡ ಧೈರ್ಯ ಜನರದ್ದು. ಅಮೆರಿಕದ ಜೇನ್ ಜೇಕಬ್ಸ್ 1961ರ ತಮ್ಮ ಪುಸ್ತಕದಲ್ಲಿ ಬೀದಿಯ ಮೇಲೆ ಕಣ್ಣುಗಳಿರಬೇಕು ಅಂದರು. ಅಂಗಡಿಯವರು, ಜಗಲಿಯವರು, ಹೋಗೋ ಬರೋರು ನೋಡ್ತಾ ಇದ್ದರೆ ಬೀದಿ ತಾನಾಗೇ ಸುರಕ್ಷಿತ. ನಮ್ಮಲ್ಲಿ ಆ ಕಣ್ಣು ಯಾರದ್ದು? ಹೂವಿನವಳದ್ದು, ಕಡಲೆಕಾಯಿ ಗಾಡಿಯವನದ್ದು, ಇಸ್ತ್ರಿ ಗಾಡಿಯವನದ್ದು. ಬೀದಿ ವ್ಯಾಪಾರಿಗಳನ್ನ ಎಬ್ಬಿಸಿದರೆ ಫುಟ್‌ಪಾತ್ ಸರಿಹೋಗುತ್ತೆ ಅನ್ನೋ ಮಾತು ನನಗೆ ಒಪ್ಪಿಗೆ ಇಲ್ಲ. 2014ರ ಕಾಯ್ದೆ ಅವರ ಜೀವನೋಪಾಯಕ್ಕೆ ರಕ್ಷಣೆ ಕೊಟ್ಟಿದೆ. ನಡೆಯೋ ಪಟ್ಟಿ ಬಿಟ್ಟು, ಅದರ ಪಕ್ಕ ಅವರಿಗೆ ಅಂತ ಒಂದು ಪಟ್ಟಿ ಗುರುತು ಮಾಡಿದರೆ ಇಬ್ಬರಿಗೂ ಜಾಗ ಸಾಲುತ್ತೆ. ಗಾಂಧಿ ಬಜಾರಿನಲ್ಲಿ ಮಲ್ಲಿಗೆ, ಕನಕಾಂಬರ, ಮರುಗದ ವಾಸನೆ ಇಲ್ಲದಿದ್ದರೆ ಅಲ್ಲಿಗೆ ಯಾಕೆ ಹೋಗ್ತೀರಿ ಹೇಳಿ?

ಖರ್ಚು, ಅಗೆತ ಅಂತ ತಲೆ ಅಲ್ಲಾಡಿಸ್ತಿದ್ದೀರಿ. ಅಗೆತದ ಮೂಲ ನೋಡಿ. ಒಂದು ತಿಂಗಳು ನೀರಿನವರು, ಇನ್ನೊಂದು ತಿಂಗಳು ಕರೆಂಟಿನವರು, ಆಮೇಲೆ ಇಂಟರ್‌ನೆಟ್ಟಿನವರು. ಪ್ರತಿಯೊಬ್ಬರೂ ಅಗೆದು ಮುಚ್ಚಿದಾಗ ಚಪ್ಪಡಿ ಮೊದಲಿನ ಹಾಗೆ ಕೂರಲ್ಲ. ಇದೇ ಬೆಂಗಳೂರಿನಲ್ಲಿ ಟೆಂಡರ್‌ಶ್ಯೂರ್ ಅನ್ನೋ ಯೋಜನೆಯಲ್ಲಿ ಮಾಡಿದ ರಸ್ತೆಗಳಲ್ಲಿ, ಸೇಂಟ್ ಮಾರ್ಕ್ಸ್ ರಸ್ತೆ, ರೆಸಿಡೆನ್ಸಿ ರಸ್ತೆ ಕಡೆ, ಈ ಲೈನುಗಳೆಲ್ಲವನ್ನೂ ಫುಟ್‌ಪಾತಿನ ಕೆಳಗೆ ಬೇರೆ ಬೇರೆ ಕೊಳವೆಗಳಲ್ಲಿ ಹಾಕಿ, ಅಲ್ಲಲ್ಲಿ ಮುಚ್ಚಳ ಇಟ್ಟರು. ರಿಪೇರಿಗೆ ಮುಚ್ಚಳ ತೆಗೆದರೆ ಸಾಕು. ಶುರುವಿನಲ್ಲಿ ಇಷ್ಟಗಲ ಫುಟ್‌ಪಾತ್ ಯಾಕೆ ಅಂತ ಜನ ಕೇಳಿದರು. ಈಗ ಆ ಕಡೆ ಹೋದರೆ ಜನ ಆರಾಮಾಗಿ ಜೊತೆಜೊತೆಯಲ್ಲಿ ನಡೆಯೋದು ಕಾಣುತ್ತೆ. 2020ರ ನವೆಂಬರಿನಿಂದ ಕೆಲವು ತಿಂಗಳು ವಾರದ ಕೊನೆಯ ದಿನಗಳಲ್ಲಿ ಚರ್ಚ್ ಸ್ಟ್ರೀಟಿಗೆ ಗಾಡಿ ಬಿಡದೆ ನೋಡಿದರು. ಕಬ್ಬನ್ ಪಾರ್ಕಿನೊಳಗಿನ ರಸ್ತೆಗಳಲ್ಲಿ ಭಾನುವಾರ ಗಾಡಿ ಇಲ್ಲದೆ ಮಕ್ಕಳು ಸೈಕಲ್ ಕಲೀತಾರೆ. ಅಂದರೆ ನಮಗೆ ಬಾರದ ವಿದ್ಯೆ ಏನಲ್ಲ ಇದು.

ಹೊರದೇಶದಲ್ಲೂ ಇದು ಸಲೀಸಾಗಿ ಆಗಲಿಲ್ಲ. ಕೋಪನ್‌ಹೇಗನ್ನಿನ ಸ್ಟ್ರೋಯೆಟ್ ಬೀದಿಗೆ 1962ರಲ್ಲಿ ಕಾರು ಬಿಡೋದನ್ನ ನಿಲ್ಲಿಸಿದಾಗ ವ್ಯಾಪಾರ ಹಾಳಾಗುತ್ತೆ ಅಂತ ಅಂಗಡಿಯವರೇ ವಿರೋಧ ಮಾಡಿದರು. ಈಗ ಅದು ಆ ಊರಿನ ಹೆಸರುವಾಸಿ ವ್ಯಾಪಾರದ ಬೀದಿ. ಸ್ಪೇನಿನ ಪೊಂಟೆವೆದ್ರ ಅನ್ನೋ ಊರಿನ ಕಥೆ ನನಗೆ ಇನ್ನೂ ಇಷ್ಟ. ಸುಮಾರು 83 ಸಾವಿರ ಜನರ ಊರು, ನಮ್ಮ ಒಂದೆರಡು ಬಡಾವಣೆಯಷ್ಟು. 1999ರಲ್ಲಿ ಹೊಸ ಮೇಯರ್ ಬಂದು ಊರ ನಡುಭಾಗದಿಂದ ಹಾದುಹೋಗೋ ಕಾರುಗಳನ್ನ ಆಚೆ ಕಳಿಸಿದರು. ಮಕ್ಕಳು ನಡೆದೇ ಸ್ಕೂಲಿಗೆ ಹೋಗ್ತಾರೆ. ಮೆಟ್ರೋ ನಕ್ಷೆಯ ಹಾಗೆ ಒಂದು ನಕ್ಷೆ ಮಾಡಿ, ಇಲ್ಲಿಂದ ಮಾರುಕಟ್ಟೆಗೆ ಇಷ್ಟು ನಿಮಿಷದ ನಡಿಗೆ, ಅಲ್ಲಿಂದ ಆಸ್ಪತ್ರೆಗೆ ಇಷ್ಟು ನಿಮಿಷ ಅಂತ ಹಂಚಿದರು. ರಾಮಕೃಷ್ಣ ಆಶ್ರಮದಿಂದ ಬ್ಯೂಗಲ್ ರಾಕಿಗೆ, ಅಲ್ಲಿಂದ ಕೃಷ್ಣರಾವ್ ಪಾರ್ಕಿಗೆ, ಅಲ್ಲಿಂದ ಡಿವಿಜಿ ರಸ್ತೆಗೆ ಎಷ್ಟು ನಿಮಿಷ ಅಂತ ಒಂದು ನಕ್ಷೆ ಬರೆದು ಬಸ್ ಸ್ಟಾಪಿನಲ್ಲಿ ಅಂಟಿಸಿದರೆ, ಇಷ್ಟೇನಾ ದೂರ ಅಂತ ಎಷ್ಟು ಜನ ಆಟೋ ಬಿಟ್ಟು ನಡೀತಾರೋ!

ಯಾರ ಹತ್ತಿರ ಕೇಳೋದಮ್ಮ ಅಂತೀರಾ? ಕೇಳೋ ಹಕ್ಕು ಈಗ ಗಟ್ಟಿಯಾಗೇ ಇದೆ. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು, ಅಡ್ಡಿ ಆತಂಕ ಇಲ್ಲದ, ಅಂಗವಿಕಲರೂ ಬಳಸಬಹುದಾದ ಫುಟ್‌ಪಾತ್ ಪಡೆಯೋದು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗ ಅಂತ ಹೇಳಿದೆ. ಹಾಗಾಗಿ ನಾವು ಅಂಗಲಾಚಬೇಕಾಗಿಲ್ಲ. ಆದರೆ ಸುಮ್ಮನೆ ಫುಟ್‌ಪಾತ್ ಸರಿ ಇಲ್ಲ ಅಂದರೆ ಅದು ಗೊಣಗಾಟ ಆಗುತ್ತೆ. ಇಂಥ ಮನೆ ಮುಂದೆ ಇಷ್ಟು ಎತ್ತರ, ಇಂಥ ಕಂಬದ ಹತ್ತಿರ ಇಷ್ಟೇ ಅಗಲ, ಈ ಮರದ ಕೆಳಗೆ ಒಂದು ಬೆಂಚು ಬೇಕು, ಈ ಸಿಗ್ನಲ್ಲಿಗೆ ಹತ್ತು ಸೆಕೆಂಡು ಬೇಕು ಅಂತ ಅಳೆದು ಬರೆದುಕೊಟ್ಟರೆ ಎಂಜಿನಿಯರಿಗೂ ಕೆಲಸ ಸುಲಭ. ಇಡೀ ಬೆಂಗಳೂರು ನಮ್ಮ ಕೈಲಿ ಆಗದೇ ಇರಬಹುದು. ಈ ಒಂದು ಬೀದಿ, ಈ ತುದಿಯಿಂದ ಆ ತುದಿಗೆ, ಒಂದೇ ಮಟ್ಟದಲ್ಲಿ ನಡೆಯೋ ಹಾಗಾದರೆ ಪಕ್ಕದ ಬೀದಿಯವರು ತಾವಾಗೇ ಬಂದು ಹೇಗೆ ಮಾಡಿಸಿದ್ರಿ ಅಂತ ಕೇಳ್ತಾರೆ.

ಭಾನುವಾರ ಬೆಳಿಗ್ಗೆ ಏಳಕ್ಕೆ ಸಿಗೋಣ ಮೇಷ್ಟ್ರೇ. ಟೇಪು ನಾನು ತರ್ತೀನಿ. ಬರೆಯೋದು ನಿಮ್ಮ ಕೈಬರಹದಲ್ಲೇ ಆಗಲಿ, ಯಾರು ಓದಿದರೂ ಮುತ್ತು ಪೋಣಿಸಿದ ಹಾಗಿರುತ್ತೆ. ಅಮ್ಮನವರನ್ನೂ ಕರ್ಕೊಂಡು ಬನ್ನಿ, ನಿಧಾನವಾಗೇ ಹೋಗೋಣ. ಅವರು ಎಲ್ಲೆಲ್ಲಿ ಕಾಲಿಡೋಕೆ ಹಿಂದೇಟು ಹಾಕ್ತಾರೋ ಅಲ್ಲೆಲ್ಲ ಸೀಮೆಸುಣ್ಣದಲ್ಲಿ ಗುಂಡಗೆ ಗುರುತು ಹಾಕೋದು ಮೊಮ್ಮಗಳ ಕೆಲಸ. ಸೋಮವಾರ ಬೆಳಿಗ್ಗೆ ಅರ್ಜಿ ಕೊಟ್ಟು, ಅದಕ್ಕೊಂದು ಸ್ವೀಕೃತಿ ಹಾಕಿಸಿಕೊಂಡೇ ಬರೋಣ.